ಗ್ರೇಡಿಯೆಂಟ್ ಬ್ರಷ್‌ನಿಂದ ಇನ್‌ಹೆರಿಟ್ ಮಾಡಲು ಬಿಡುತ್ತಿಲ್ಲವೇ? ದಾರಿ ಇಲ್ಲಿದೆ

ನಮ್ಮ ಅಪಾರ್ಟ್‌ಮೆಂಟ್‌ನ ಓವರ್‌ಹೆಡ್ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ತೋರಿಸುವ ಚಿಕ್ಕ ವಿಂಡೋಸ್ ಪ್ರೋಗ್ರಾಂ ಒಂದನ್ನು ಬರೆಯುತ್ತಿದ್ದೆ. ತಳದಲ್ಲಿ ಕೆಂಪು, ನಡುವೆ ಹಳದಿ, ಮೇಲೆ ಹಸಿರು. ವಾಚ್‌ಮನ್ ದೂರದಿಂದಲೇ ನೋಡಿ ಮೋಟರ್ ಹಾಕಬೇಕೋ ಬೇಡವೋ ಎಂದು ತಿಳಿದುಕೊಳ್ಳಬೇಕು, ಅಷ್ಟೇ ಕೆಲಸ. ಸಿ ಶಾರ್ಪ್‌ನ ಸಿಸ್ಟಮ್ ಡ್ರಾಯಿಂಗ್ ಲೈಬ್ರರಿಯಲ್ಲಿ ಇದಕ್ಕೆಂದೇ, ಅಂದರೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರುವ ‘ಗ್ರೇಡಿಯೆಂಟ್’ ಬಳಿಯಲೆಂದೇ, ‘ಲೀನಿಯರ್ ಗ್ರೇಡಿಯೆಂಟ್ ಬ್ರಷ್’ ಎಂಬ ಕ್ಲಾಸ್ ಇದೆ. ಅದರಿಂದ ಇನ್‌ಹೆರಿಟ್ ಮಾಡಿ, ಅಂದರೆ ಅದರ ಗುಣಗಳನ್ನೆಲ್ಲ ಪಡೆದ ಹೊಸ ಕ್ಲಾಸ್ ಬರೆದು, ಈ ಮೂರು ಬಣ್ಣ ಮೊದಲೇ ತುಂಬಿರುವ ‘ಟ್ಯಾಂಕ್ ಬ್ರಷ್’ ಮಾಡಿಕೊಳ್ಳೋಣ ಎಂದುಕೊಂಡೆ. ಕಂಪೈಲರ್ ಒಪ್ಪಲಿಲ್ಲ. ಸಿಎಸ್0509 ಎಂಬ ಎರರ್ ಬಂತು. ಸೀಲ್ ಆದ, ಅಂದರೆ ಬೀಗ ಹಾಕಿದ, ಕ್ಲಾಸಿನಿಂದ ಹೊಸ ಕ್ಲಾಸ್ ಮಾಡಲು ಬರುವುದಿಲ್ಲ ಎಂದು ಅದರ ಅರ್ಥ.

ಈ ಎರರ್ ಎದುರಾದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಬೀಗ ಒಡೆಯುವ ದಾರಿ ಹುಡುಕುತ್ತಾರೆ. ಇಲ್ಲವೇ ಬ್ರಷ್ ತಯಾರಿಸುವ ಅದೇ ಆರು ಸಾಲು ಕೋಡನ್ನು ಹತ್ತು ಕಡೆ ಕಾಪಿ ಮಾಡುತ್ತಾರೆ. ಎರಡೂ ಬೇಡ. ಈ ಬೀಗ ಯಾಕಿದೆ ಎಂದು ಒಮ್ಮೆ ಅರ್ಥವಾದರೆ ಸರಿಯಾದ ದಾರಿ ತಾನಾಗಿಯೇ ಕಾಣುತ್ತದೆ.

ಒಂದು ಮಾತು. ಇಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಲೈಬ್ರರಿಯ ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲಿಂಗ್ ಬಳಸಿ. ಮೊದಲ ನಾಲ್ಕು ಅಕ್ಷರ ಹೊಡೆದರೆ ಉಳಿದದ್ದನ್ನು ಎಡಿಟರ್ ತೋರಿಸುತ್ತದೆ.

ಬೀಗ ಯಾಕೆ ಹಾಕಿದ್ದಾರೆ

ಸಿಸ್ಟಮ್ ಡ್ರಾಯಿಂಗ್‌ನಲ್ಲಿ ಎಲ್ಲ ಬ್ರಷ್‌ಗಳಿಗೂ ತಾಯಿ ‘ಬ್ರಷ್’ ಎಂಬ ಅಬ್‌ಸ್ಟ್ರಾಕ್ಟ್ ಕ್ಲಾಸ್, ಅಂದರೆ ನೇರವಾಗಿ ಬಳಸಲಾಗದ, ಮಕ್ಕಳಿಗೆ ಮಾದರಿಯಷ್ಟೇ ಆಗಿರುವ ಕ್ಲಾಸ್. ಅದಕ್ಕೆ ಐದು ಮಕ್ಕಳು: ಸಾಲಿಡ್, ಹ್ಯಾಚ್, ಟೆಕ್ಸ್‌ಚರ್, ಲೀನಿಯರ್ ಗ್ರೇಡಿಯೆಂಟ್, ಪಾತ್ ಗ್ರೇಡಿಯೆಂಟ್. ಐದೂ ಸೀಲ್ ಆಗಿವೆ. ‘ಪೆನ್’ ಕೂಡ ಸೀಲ್, ‘ಗ್ರಾಫಿಕ್ಸ್’ ಕೂಡ ಸೀಲ್. ಗ್ರೇಡಿಯೆಂಟಿಗೆ ಬೇಕಾದ ಬಣ್ಣಗಳ ಪಟ್ಟಿ ಇಟ್ಟುಕೊಳ್ಳುವ ‘ಕಲರ್ ಬ್ಲೆಂಡ್’ ಎಂಬ ಪುಟ್ಟ ಕ್ಲಾಸನ್ನೂ ಬಿಟ್ಟಿಲ್ಲ.

ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಜಿಡಿಐ ಪ್ಲಸ್ ಎಂಬ ಚಿತ್ರ ಬಿಡಿಸುವ ಲೈಬ್ರರಿ ಬಂತು. ಅದು ನೇಟಿವ್ ಕೋಡ್, ಅಂದರೆ ಪ್ರೊಸೆಸರ್ ನೇರವಾಗಿ ಓಡಿಸುವ ಕೋಡ್. ಮರುವರ್ಷ, 2002ರಲ್ಲಿ, ಸಿ ಶಾರ್ಪ್ ಪ್ರೋಗ್ರಾಂಗಳನ್ನು ಓಡಿಸುವ ಡಾಟ್ ನೆಟ್ ಬಂದಾಗ ಅದೇ ಲೈಬ್ರರಿಯ ಮೇಲೆ ಒಂದು ತೆಳು ಹೊದಿಕೆ ಹಾಕಿದರು. ಆ ಹೊದಿಕೆಯೇ ಸಿಸ್ಟಮ್ ಡ್ರಾಯಿಂಗ್. ನೀವು ಸಿ ಶಾರ್ಪ್‌ನಲ್ಲಿ ಒಂದು ಗ್ರೇಡಿಯೆಂಟ್ ಬ್ರಷ್ ಮಾಡಿದಾಗ ನಿಜವಾದ ಬ್ರಷ್ ಹುಟ್ಟುವುದು ಜಿಡಿಐ ಪ್ಲಸ್ ಒಳಗೆ. ನಿಮ್ಮ ಕೈಗೆ ಬರುವುದು ಅದರ ಹ್ಯಾಂಡಲ್ ಮಾತ್ರ, ಅಂದರೆ ಒಂದು ಗುರುತಿನ ಸಂಖ್ಯೆ.

ಹಿಟ್ಟಿನ ಗಿರಣಿಯಲ್ಲಿ ಡಬ್ಬ ಕೊಟ್ಟು ಚೀಟಿ ಇಸಿದುಕೊಂಡ ಹಾಗೆ ಇದು. ರಾಗಿ ಬೀಸುವುದು ಒಳಗಿನ ಯಂತ್ರ. ನಿಮ್ಮ ಜೇಬಿನಲ್ಲಿರುವ ಚೀಟಿಯ ಮೇಲೆ ‘ಸಣ್ಣಗೆ ಬೀಸಿ’ ಎಂದು ನೀವೇ ಬರೆದುಕೊಂಡರೆ ಹಿಟ್ಟು ಸಣ್ಣಗಾಗುವುದಿಲ್ಲ ಅಲ್ವಾ?

ಹಾಗಾಗಿ ಸೀಲ್ ತೆಗೆದು ಇನ್‌ಹೆರಿಟ್ ಮಾಡಲು ಬಿಟ್ಟಿದ್ದರೂ ನಿಮಗೆ ಓವರ್‌ರೈಡ್ ಮಾಡಲು, ಅಂದರೆ ನಿಮ್ಮ ಕೋಡಿನಿಂದ ಬದಲಿಸಲು, ಏನೂ ಸಿಗುತ್ತಿರಲಿಲ್ಲ. ‘ಈ ಬಿಂದುವಿನಲ್ಲಿ ಯಾವ ಬಣ್ಣ?’ ಎಂದು ಕೇಳುವ ಮೆಥಡ್ ಆ ಕ್ಲಾಸಿನಲ್ಲಿ ಇಲ್ಲವೇ ಇಲ್ಲ. ಬಣ್ಣದ ಲೆಕ್ಕ ನಡೆಯುವುದು ಗೋಡೆಯ ಆಚೆ ಬದಿ. ಅಲ್ಲಿಂದ ಯಾರೂ ನಿಮ್ಮ ಕ್ಲಾಸನ್ನು ಏನೂ ಕೇಳುವುದಿಲ್ಲ.

ತಾಯಿ ಕ್ಲಾಸ್ ‘ಬ್ರಷ್’ ಸೀಲ್ ಆಗಿಲ್ಲ, ನಿಜ. ಅದರಿಂದ ಇನ್‌ಹೆರಿಟ್ ಮಾಡಿ, ‘ಕ್ಲೋನ್’ ಮೆಥಡ್ ಬರೆದುಕೊಟ್ಟರೆ ಕಂಪೈಲ್ ಕೂಡ ಆಗುತ್ತದೆ. ಆದರೆ ಒಳಗೆ ಹ್ಯಾಂಡಲ್ ಇರುವುದಿಲ್ಲ, ಹಾಗಾಗಿ ಬಣ್ಣ ಬಳಿಯಲು ಹೋದಾಗ ಎಕ್ಸೆಪ್ಶನ್ (ಓಡುವಾಗ ಬರುವ ಎರರ್) ಬರುತ್ತದೆ. ಜಿಡಿಐ ಪ್ಲಸ್‌ನ ಫಂಕ್ಷನ್‌ಗಳನ್ನು ನೀವೇ ನೇರವಾಗಿ ಕರೆದು ಹ್ಯಾಂಡಲ್ ತಂದು ಜೋಡಿಸಬಹುದು. ಅಷ್ಟು ಕಷ್ಟಪಟ್ಟ ಮೇಲೂ ಸಿಗುವುದು ಅದೇ ಹಳೆಯ ಗ್ರೇಡಿಯೆಂಟ್. ನನ್ನ ಸಲಹೆ ಕೇಳಿದರೆ ಆ ದಾರಿ ಹಿಡಿಯಲೇಬೇಡಿ.

ಇದು ಒಂದೇ ಲೈಬ್ರರಿಯ ಕಥೆ ಅಲ್ಲ. ಸಿ ಪ್ಲಸ್ ಪ್ಲಸ್‌ನ ಕ್ಯೂಟಿ ಲೈಬ್ರರಿ ನೋಡಿ. ಅಲ್ಲಿ ‘ಕ್ಯೂ ಲೀನಿಯರ್ ಗ್ರೇಡಿಯೆಂಟ್’ ಮೇಲೆ ಬೀಗವಿಲ್ಲ, ಆರಾಮಾಗಿ ಇನ್‌ಹೆರಿಟ್ ಮಾಡಬಹುದು. ಆದರೆ ಅದರಲ್ಲಿ ಓವರ್‌ರೈಡ್ ಮಾಡಬಹುದಾದ ‘ವರ್ಚುಯಲ್’ ಮೆಥಡ್ ಒಂದೂ ಇಲ್ಲ. ನೀವು ಅದನ್ನು ‘ಕ್ಯೂ ಬ್ರಷ್’ಗೆ ಕೊಟ್ಟಾಗ ಅದು ಮೂಲ ಗ್ರೇಡಿಯೆಂಟಿನ ಭಾಗವನ್ನಷ್ಟೇ ಕಾಪಿ ಮಾಡಿಕೊಳ್ಳುತ್ತದೆ, ನೀವು ಸೇರಿಸಿದ್ದು ಅಲ್ಲೇ ಉದುರಿಹೋಗುತ್ತದೆ. ಎರರ್ ಕೂಡ ಬರುವುದಿಲ್ಲ. ಅದಕ್ಕಿಂತ ಸಿ ಶಾರ್ಪ್‌ನ ಬೀಗವೇ ಮೇಲು ಎನಿಸುತ್ತದೆ ನನಗೆ. ಕನಿಷ್ಠ ಮೊದಲೇ ಹೇಳಿಬಿಡುತ್ತದೆ.

ಜಾವಾದಲ್ಲಿ ಕಥೆ ಬೇರೆ. ಅಲ್ಲಿಯ ‘ಲೀನಿಯರ್ ಗ್ರೇಡಿಯೆಂಟ್ ಪೇಂಟ್’ ಫೈನಲ್ ಕ್ಲಾಸ್, ಅಂದರೆ ಅದಕ್ಕೂ ಬೀಗವಿದೆ. ಆದರೆ ಅದರ ಮೇಲಿರುವ ‘ಪೇಂಟ್’ ಒಂದು ಇಂಟರ್‌ಫೇಸ್, ಅಂದರೆ ಯಾವ ಮೆಥಡ್‌ಗಳನ್ನು ಬರೆದುಕೊಡಬೇಕು ಎಂಬ ಪಟ್ಟಿ. ಅದನ್ನು ನೀವೇ ಬರೆದುಕೊಟ್ಟರೆ ಜಾವಾ ನಿಜವಾಗಿಯೂ ನಿಮ್ಮ ಕೋಡನ್ನು ಕರೆದು ‘ಈ ಚೌಕಕ್ಕೆ ಪಿಕ್ಸೆಲ್ ಕೊಡು’ ಎಂದು ಕೇಳುತ್ತದೆ. ಹೊಸ ಲೈಬ್ರರಿ ಕೈಗೆ ಬಂದಾಗ ಸೀಲ್ ಇದೆಯೋ ಇಲ್ಲವೋ ಎಂದು ಆಮೇಲೆ ನೋಡಿ. ಬಣ್ಣ ಬೇಕಾದಾಗ ಅದು ನಿಮ್ಮ ಕೋಡನ್ನು ಕೇಳುತ್ತದೆಯೋ ಎಂದು ಮೊದಲು ನೋಡಿ.

ಹಂತ 1: ಬಣ್ಣಗಳ ಪಟ್ಟಿಗೆ ಒಂದು ಕ್ಲಾಸ್ ಮಾಡಿ

ನನಗೆ ಬೇಕಾಗಿದ್ದದ್ದು ಹೊಸ ಬಗೆಯ ಬ್ರಷ್ ಅಲ್ಲ. ‘ಇಂಥ ಬಣ್ಣಗಳು, ಇಂಥ ಜಾಗದಲ್ಲಿ’ ಎಂಬ ಮಾಹಿತಿಯನ್ನು ಒಂದೇ ಕಡೆ ಇಡಬೇಕಿತ್ತು. ಅದಕ್ಕೆ ಮಾಮೂಲಿ ಕ್ಲಾಸ್ ಸಾಕು. ಯಾವುದರಿಂದಲೂ ಇನ್‌ಹೆರಿಟ್ ಮಾಡಬೇಕಿಲ್ಲ. ನಾನು ಅದಕ್ಕೆ ಬಣ್ಣಪಟ್ಟಿ ಎಂದು ಹೆಸರಿಟ್ಟೆ, ಕನ್ನಡ ಲಿಪಿಯಲ್ಲೇ. ಸಿ ಶಾರ್ಪ್ ಯೂನಿಕೋಡ್ ಅಕ್ಷರಗಳ ಹೆಸರನ್ನು ಒಪ್ಪುತ್ತದೆ. ಮನೆಮಟ್ಟಿಗೆ ಬರೆಯುವ ಕೋಡಿನಲ್ಲಿ ಹೀಗೆ ಹೆಸರಿಡುವುದು ನನಗೆ ತುಂಬಾ ಇಷ್ಟ.

ಬಣ್ಣಪಟ್ಟಿಯಲ್ಲಿ ಎರಡು ಅರೇ ಇರಲಿ. ಒಂದರಲ್ಲಿ ಬಣ್ಣಗಳು, ಇನ್ನೊಂದರಲ್ಲಿ 0ಯಿಂದ 1ರವರೆಗಿನ ಸ್ಥಾನಗಳು. ನನ್ನ ಟ್ಯಾಂಕಿಗೆ ಹಸಿರು 0, ಹಳದಿ 0.5, ಕೆಂಪು 1. ಹಸಿರು ಮೊದಲು ಬರಲು ಕಾರಣ, ವಿಂಡೋದಲ್ಲಿ ಅಳತೆ ಶುರುವಾಗುವುದೇ ಮೇಲಿನಿಂದ. ಲಂಬ ಗ್ರೇಡಿಯೆಂಟಿನಲ್ಲಿ ಮೊದಲ ಬಣ್ಣ ಮೇಲ್ತುದಿಯದು.

ಹಳದಿ ಯಾಕೆ ಬೇಕು, ಕೆಂಪು ಮತ್ತು ಹಸಿರು ಸಾಲದೇ ಎಂದು ಕೇಳಬಹುದು. ಮಾಡಿ ನೋಡಿ. ಕೆಂಪು ಅಂದರೆ 255, 0, 0. ಡಾಟ್ ನೆಟ್‌ನ ‘ಗ್ರೀನ್’ ಅಂದರೆ 0, 128, 0. ಇವೆರಡರ ಸರಾಸರಿ ಹತ್ತಿರ ಹತ್ತಿರ 128, 64, 0 ಆಗುತ್ತದೆ. ಅದು ಕೆಸರಿನಂಥ ಕಂದು ಬಣ್ಣ. ಅರ್ಧ ತುಂಬಿದ ಟ್ಯಾಂಕ್ ಕೊಳೆ ನೀರಿನಂತೆ ಕಾಣುತ್ತದೆ. ನಡುವೆ ಹಳದಿ ಕೊಟ್ಟರೆ ಈ ತೊಂದರೆ ಇಲ್ಲ.

ಕನ್‌ಸ್ಟ್ರಕ್ಟರ್‌ನಲ್ಲೇ ಎಲ್ಲ ತಪಾಸಣೆ ಮುಗಿಸಿಬಿಡಿ. ಎರಡೂ ಅರೇ ಒಂದೇ ಉದ್ದ ಇರಬೇಕು. ಮೊದಲ ಸ್ಥಾನ 0, ಕೊನೆಯದು 1 ಆಗಿರಬೇಕು. ನಡುವಿನವು ಏರುಕ್ರಮದಲ್ಲಿ ಇರಬೇಕು. ಸ್ಥಾನಗಳನ್ನು 0.1ರಿಂದ ಶುರು ಮಾಡಿದರೆ ಬ್ರಷ್ ಆರ್ಗ್ಯುಮೆಂಟ್ ಎಕ್ಸೆಪ್ಶನ್ ಎಸೆಯುತ್ತದೆ, ಅದೂ ಬಣ್ಣ ಬಳಿಯುವ ಹೊತ್ತಿಗೆ. ನಿಮ್ಮ ಕ್ಲಾಸೇ ಮೊದಲು ಹಿಡಿದು ‘ಮೊದಲ ಸ್ಥಾನ 0 ಇರಬೇಕು’ ಎಂದು ಸ್ಪಷ್ಟ ಕನ್ನಡದಲ್ಲಿ ಹೇಳಿದರೆ ಎಷ್ಟೋ ಸಮಯ ಉಳಿಯುತ್ತದೆ. ಅರೇಗಳನ್ನು ಕಾಪಿ ಮಾಡಿ ಇಟ್ಟುಕೊಳ್ಳಿ, ಹೊರಗಿನವರು ಆಮೇಲೆ ಬದಲಿಸದ ಹಾಗೆ.

ಇನ್ನು ‘ತಯಾರಿಸು’ ಎಂಬ ಒಂದೇ ಮೆಥಡ್. ಅದಕ್ಕೆ ಒಂದು ಆಯತ ಕೊಟ್ಟರೆ ಲೀನಿಯರ್ ಗ್ರೇಡಿಯೆಂಟ್ ಬ್ರಷ್ ಮಾಡಿ ವಾಪಸ್ ಕೊಡುತ್ತದೆ. ಒಳಗೆ ನಡೆಯುವುದು ಇಷ್ಟು. ಆಯತ, ಯಾವುದಾದರೂ ಎರಡು ಬಣ್ಣ, ‘ವರ್ಟಿಕಲ್’ ಮೋಡ್ ಕೊಟ್ಟು ಬ್ರಷ್ ಮಾಡಿ. ಕಲರ್ ಬ್ಲೆಂಡ್ ಒಂದನ್ನು ಮಾಡಿ ಎರಡೂ ಅರೇಗಳನ್ನು ಅದಕ್ಕೆ ತುಂಬಿ. ಅದನ್ನು ಬ್ರಷ್‌ನ ‘ಇಂಟರ್‌ಪೊಲೇಶನ್ ಕಲರ್ಸ್’ ಪ್ರಾಪರ್ಟಿಗೆ ಕೊಡಿ. ಹೀಗೆ ಕೊಟ್ಟ ಮೇಲೆ ಕನ್‌ಸ್ಟ್ರಕ್ಟರ್‌ನ ಆ ಎರಡು ಬಣ್ಣಗಳು ಲೆಕ್ಕಕ್ಕಿಲ್ಲ.

ಬರೀ ಸಣ್ಣ ಅನುಕೂಲ ಬೇಕಿದ್ದರೆ ಎಕ್ಸ್‌ಟೆನ್ಶನ್ ಮೆಥಡ್ ಕೂಡ ಆಗುತ್ತದೆ. 2007ರಲ್ಲಿ ಬಂದ ಸಿ ಶಾರ್ಪ್ 3ರಿಂದ ಇದು ಇದೆ. ಸೀಲ್ ಆದ ಕ್ಲಾಸಿಗೂ ಹೊರಗಿನಿಂದ ಮೆಥಡ್ ಅಂಟಿಸಬಹುದು. ಹೊಸ ಫೀಲ್ಡ್ ಸೇರಿಸಲು ಮಾತ್ರ ಬರುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದ ಮಾಹಿತಿ ಇದ್ದರೆ ಬಣ್ಣಪಟ್ಟಿಯಂಥ ಕ್ಲಾಸೇ ಸರಿ.

ಹಂತ 2: ಇನ್‌ಹೆರಿಟ್ ಮಾಡಬೇಕಾದದ್ದು ಕಂಟ್ರೋಲನ್ನು

ಇನ್‌ಹೆರಿಟೆನ್ಸ್ ಇಲ್ಲಿ ಪೂರ್ತಿ ಬೇಡ ಎಂದಲ್ಲ. ಅದಕ್ಕೆ ತಕ್ಕ ಜಾಗ, ವಿಂಡೋ, ಬಟನ್‌ಗಳನ್ನು ಮಾಡುವ ವಿಂಡೋಸ್ ಫಾರ್ಮ್ಸ್ ಲೈಬ್ರರಿಯ ‘ಕಂಟ್ರೋಲ್’ ಕ್ಲಾಸ್. ಅದು ಸೀಲ್ ಆಗಿಲ್ಲ. ‘ಆನ್ ಪೇಂಟ್’ ಎಂಬ ವರ್ಚುಯಲ್ ಮೆಥಡ್ ಅದರಲ್ಲಿ ಇದೆ. ಪರದೆಯ ಮೇಲೆ ಬರೆಯಬೇಕಾದಾಗೆಲ್ಲ ಸಿಸ್ಟಮ್ ನಿಮ್ಮ ಆನ್ ಪೇಂಟನ್ನು ಕರೆಯುತ್ತದೆ. ಅಂದರೆ ಇಲ್ಲಿ ನಿಮ್ಮನ್ನು ಕೇಳುವವರು ಇದ್ದಾರೆ.

‘ಕಂಟ್ರೋಲ್’ನಿಂದ ‘ಟ್ಯಾಂಕ್ ಗೇಜ್’ ಮಾಡಿ. ಕನ್‌ಸ್ಟ್ರಕ್ಟರ್‌ನಲ್ಲಿ ‘ಸೆಟ್ ಸ್ಟೈಲ್’ ಕರೆದು ನಾಲ್ಕು ಗುಣ ಹಚ್ಚಿ: ಯೂಸರ್ ಪೇಂಟ್, ಆಲ್ ಪೇಂಟಿಂಗ್ ಇನ್ ಡಬ್ಲ್ಯೂಎಂ ಪೇಂಟ್, ಆಪ್ಟಿಮೈಸ್ಡ್ ಡಬಲ್ ಬಫರ್, ರೀಸೈಸ್ ರೀಡ್ರಾ. ಮೂರನೆಯದು ಇಲ್ಲದಿದ್ದರೆ ಚಿತ್ರ ಮಿನುಗುತ್ತದೆ. ನಾಲ್ಕನೆಯದು ಇಲ್ಲದಿದ್ದರೆ ವಿಂಡೋ ದೊಡ್ಡದು ಮಾಡಿದಾಗ ಗ್ರೇಡಿಯೆಂಟ್ ತುಂಡು ತುಂಡಾಗಿ ಕಾಣುತ್ತದೆ. ‘ಮಟ್ಟ’ ಎಂಬ ಪ್ರಾಪರ್ಟಿ ಇಡಿ. ಅದರ ಬೆಲೆ ಬದಲಾದಾಗ, ಮತ್ತೆ ಬಿಡಿಸು ಎಂದು ಹೇಳುವ ‘ಇನ್‌ವ್ಯಾಲಿಡೇಟ್’ ಕರೆಯಿರಿ.

ಆನ್ ಪೇಂಟ್ ಒಳಗೆ ಬಣ್ಣಪಟ್ಟಿಯಿಂದ ಬ್ರಷ್ ಪಡೆದು, ಆಯತ ತುಂಬಿ, ಬ್ರಷ್ ಡಿಸ್ಪೋಸ್ ಮಾಡಿ, ಅಂದರೆ ಅದರ ಮೆಮೊರಿ ಬಿಟ್ಟುಕೊಡಿ. ಇದಕ್ಕೆ ‘ಯೂಸಿಂಗ್’ ಬಳಸಿದರೆ ಮರೆಯುವ ಪ್ರಶ್ನೆಯೇ ಇಲ್ಲ. ನಿಜವಾದ ಬ್ರಷ್ ಇರುವುದು ನೇಟಿವ್ ಮೆಮೊರಿಯಲ್ಲಿ. ಗಾರ್ಬೇಜ್ ಕಲೆಕ್ಟರ್ ಯಾವಾಗಲೋ ಬಂದು ಬಿಡುಗಡೆ ಮಾಡಲಿ ಎಂದು ಕಾಯಬಾರದು. ಪ್ರತಿ ಸಲ ಹೊಸ ಬ್ರಷ್ ಮಾಡಿದರೆ ನಿಧಾನ ಆಗುವುದಿಲ್ಲವೇ ಎಂಬ ಚಿಂತೆ ಒಂದು ಗೇಜಿಗೆ ಬೇಕಿಲ್ಲ.

ಹಂತ 3: ಬ್ರಷ್‌ಗೆ ಯಾವ ಆಯತ ಕೊಡುತ್ತೀರಿ?

ಇಲ್ಲಿ ನಿಧಾನವಾಗಿ ಓದಿ. ನಾನು ಮಾಡಿದ ದೊಡ್ಡ ತಪ್ಪು ಇದೇ ಹಂತದಲ್ಲಿ.

ಟ್ಯಾಂಕ್ 30 ಶೇಕಡ ತುಂಬಿದ್ದರೆ ಗೇಜಿನ ಕೆಳಗಿನ 30 ಶೇಕಡ ಭಾಗಕ್ಕೆ ಮಾತ್ರ ಬಣ್ಣ ಬಳಿಯಬೇಕು. ನಾನು ಆ ಚಿಕ್ಕ ಆಯತವನ್ನೇ ಬ್ರಷ್‌ಗೂ ಕೊಟ್ಟಿದ್ದೆ. ಆಗ ಏನಾಗುತ್ತದೆ? ಹಸಿರಿನಿಂದ ಕೆಂಪಿನವರೆಗಿನ ಇಡೀ ಗ್ರೇಡಿಯೆಂಟ್ ಆ ಚಿಕ್ಕ ಆಯತದಲ್ಲೇ ಕುಗ್ಗಿ ಕೂರುತ್ತದೆ. ನೀರು ಎಷ್ಟೇ ಇರಲಿ, ಮೇಲ್ತುದಿ ಯಾವಾಗಲೂ ಹಸಿರು. ವಾಚ್‌ಮನ್ ಹಸಿರು ನೋಡಿ ಮೋಟರ್ ಹಾಕಲಿಲ್ಲ. ಬೆಳಗ್ಗೆ ಏಳು ಗಂಟೆಗೆ ಮೂರನೇ ಮಹಡಿಯಲ್ಲಿ ನಲ್ಲಿ ಬಿಟ್ಟರೆ ಗಾಳಿ ಬಂತು. ಅವರ ತಪ್ಪು ಏನೂ ಇರಲಿಲ್ಲ. ನನ್ನ ಗೇಜ್ ಅವರಿಗೆ ಸುಳ್ಳು ಹೇಳಿತ್ತು.

ಬ್ರಷ್‌ಗೆ ಕೊಡುವ ಆಯತ ಬೇರೆ, ತುಂಬುವ ಆಯತ ಬೇರೆ. ಬ್ರಷ್‌ನ ಬಣ್ಣಗಳು ಕ್ಯಾನ್ವಾಸಿನ ಅಳತೆಗೆ ಅಂಟಿಕೊಂಡಿರುತ್ತವೆ, ನೀವು ಬಿಡಿಸುವ ಆಕಾರಕ್ಕಲ್ಲ. ಬಣ್ಣದ ಗೋಡೆಯ ಮುಂದೆ ಕಿಟಕಿ ತೆರೆದ ಹಾಗೆ ಯೋಚಿಸಿ. ಗೋಡೆ ಪೂರ್ತಿ ಟ್ಯಾಂಕಿನಷ್ಟು ಇರಲಿ. ಕಿಟಕಿ ಮಾತ್ರ ನೀರಿನ ಮಟ್ಟದಷ್ಟು ತೆರೆಯಲಿ. ಅಂದರೆ ‘ತಯಾರಿಸು’ ಮೆಥಡಿಗೆ ಇಡೀ ಗೇಜಿನ ಆಯತ, ‘ಫಿಲ್ ರೆಕ್ಟ್ಯಾಂಗಲ್’ಗೆ 30 ಶೇಕಡದ ಆಯತ. ಈಗ ಕಡಿಮೆ ನೀರಿದ್ದಾಗ ಕೆಂಪು ಮತ್ತು ಕಿತ್ತಳೆ ಮಾತ್ರ ಕಾಣುತ್ತದೆ.

ಹಂತ 4: ಅಂಚಿನಲ್ಲಿ ಬರುವ ತಪ್ಪು ಬಣ್ಣದ ಗೆರೆ

ಗೇಜ್ ಸರಿ ಕಾಣುತ್ತಿದೆ, ಆದರೆ ಕೆಂಪು ತಳದಲ್ಲಿ ಒಂದೇ ಪಿಕ್ಸೆಲ್‌ನ ಹಸಿರು ಗೆರೆ ಇದೆ. ಅಥವಾ ತುಂಬಿದ ಟ್ಯಾಂಕಿನ ಮೇಲ್ತುದಿಯಲ್ಲಿ ಕೆಂಪು ಗೆರೆ. ಈ ಬ್ರಷ್ ಬಳಸಿದ ಬಹಳ ಮಂದಿಗೆ ಇದು ಗೊತ್ತಿರುವ ಕಾಟ. ಆಯತದ ಹೊರಗೆ ಹೋದಾಗ ಬ್ರಷ್ ನಿಲ್ಲುವುದಿಲ್ಲ, ನೆಲದ ಟೈಲ್ಸ್ ಹಾಗೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಳತೆಯಲ್ಲಿ ಅರ್ಧ ಪಿಕ್ಸೆಲ್ ಹೆಚ್ಚುಕಡಿಮೆಯಾದರೂ ಮುಂದಿನ ಟೈಲ್‌ನ ಬಣ್ಣ ಇಣುಕುತ್ತದೆ.

‘ರ‍್ಯಾಪ್ ಮೋಡ್’ ಪ್ರಾಪರ್ಟಿಗೆ ‘ಕ್ಲ್ಯಾಂಪ್’ ಕೊಟ್ಟರೆ ಸರಿಹೋಗಬಹುದು ಎಂದು ಅನ್ನಿಸುತ್ತದೆ. ಆ ಆಯ್ಕೆ ಪಟ್ಟಿಯಲ್ಲಿ ಕಾಣುತ್ತದೆ ಕೂಡ. ಆದರೆ ಲೀನಿಯರ್ ಗ್ರೇಡಿಯೆಂಟ್ ಬ್ರಷ್ ಅದನ್ನು ಒಪ್ಪುವುದಿಲ್ಲ, ಎಕ್ಸೆಪ್ಶನ್ ಎಸೆಯುತ್ತದೆ. ಬದಲಿಗೆ ‘ಟೈಲ್ ಫ್ಲಿಪ್ ಎಕ್ಸ್‌ವೈ’ ಕೊಡಿ. ಆಗ ಪಕ್ಕದ ಟೈಲ್ ಕನ್ನಡಿಯಂತೆ ತಿರುಗುತ್ತದೆ. ಕೆಂಪಿನ ಆಚೆಗೂ ಕೆಂಪೇ ಇರುತ್ತದೆ. ಗೆರೆ ಹೋಯಿತು. ಈ ಒಂದು ಸಾಲನ್ನು ‘ತಯಾರಿಸು’ ಒಳಗೆ ಹಾಕಿದರೆ ಎಲ್ಲ ಕಡೆ ಸರಿಯಾಗುತ್ತದೆ. ಅದನ್ನು ಹತ್ತು ಕಡೆ ಕಾಪಿ ಮಾಡಿದ್ದರೆ ಹತ್ತು ಕಡೆಯೂ ತಿದ್ದಬೇಕಿತ್ತು.

ಹಂತ 5: ಸೊನ್ನೆ ಅಳತೆ

ಅಗಲ ಅಥವಾ ಎತ್ತರ ಸೊನ್ನೆ ಇರುವ ಆಯತ ಕೊಟ್ಟರೆ ಬ್ರಷ್ ಹುಟ್ಟುವುದೇ ಇಲ್ಲ, ಆರ್ಗ್ಯುಮೆಂಟ್ ಎಕ್ಸೆಪ್ಶನ್ ಬರುತ್ತದೆ. ಸೊನ್ನೆ ಎಲ್ಲಿಂದ ಬರುತ್ತದೆ ಎಂದರೆ, ಫಾರ್ಮನ್ನು ಮಿನಿಮೈಸ್ ಮಾಡಿದಾಗ ಅದರ ಒಳಗಿನ ಅಳತೆ ಸೊನ್ನೆಯಾಗುತ್ತದೆ. ರೀಸೈಸ್ ಆದಾಗ ಬ್ರಷ್ ಮಾಡುವ ಕೋಡ್ ಇದ್ದರೆ ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತದೆ. ಎರಡು ಬಿಂದು ಕೊಟ್ಟು ಬ್ರಷ್ ಮಾಡುವ ಕನ್‌ಸ್ಟ್ರಕ್ಟರ್‌ನಲ್ಲಿ ಎರಡೂ ಬಿಂದು ಒಂದೇ ಆಗಿದ್ದರೆ ಇನ್ನೂ ದಾರಿ ತಪ್ಪಿಸುವ ಎರರ್ ಬರುತ್ತದೆ: ಔಟ್ ಆಫ್ ಮೆಮೊರಿ. ಮೆಮೊರಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಗೊತ್ತಿಲ್ಲದೆ ಸುಮ್ನೆ ರ‍್ಯಾಮ್ ಪರೀಕ್ಷೆ ಮಾಡುತ್ತಾ ಕೂರಬೇಡಿ. ಆನ್ ಪೇಂಟ್‌ನ ಮೊದಲ ಸಾಲಿನಲ್ಲೇ ಅಗಲ, ಎತ್ತರ ನೋಡಿ, ಸೊನ್ನೆ ಇದ್ದರೆ ವಾಪಸ್ ಹೋಗಿ.

ಹಂತ 6: ಲೈಬ್ರರಿಗೆ ಗೊತ್ತಿಲ್ಲದ ಗ್ರೇಡಿಯೆಂಟ್ ಬೇಕಾದಾಗ

ಇಲ್ಲಿಯವರೆಗೆ ನೇರ ಗೆರೆಯ ಗ್ರೇಡಿಯೆಂಟ್ ಸಾಕಾಗಿತ್ತು. ಗಡಿಯಾರದ ಮುಳ್ಳಿನಂತೆ ಸುತ್ತುವ ಗ್ರೇಡಿಯೆಂಟ್ ಬೇಕು ಎನ್ನಿ. ಜಿಡಿಐ ಪ್ಲಸ್‌ನಲ್ಲಿ ಅದಕ್ಕೆಂದು ಬ್ರಷ್ ಇಲ್ಲ. ಇನ್‌ಹೆರಿಟ್ ಮಾಡಬೇಕೆಂಬ ಆಸೆ ನಿಜಕ್ಕೂ ಬಲವಾಗುವುದು ಈ ಹಂತದಲ್ಲಿ, ಯಾಕೆಂದರೆ ಈ ಸಲ ಲೆಕ್ಕವೇ ನಿಮ್ಮದು.

ದಾರಿ ಇದೆ. ಲೆಕ್ಕವನ್ನು ನೀವೇ ಮಾಡಿ ಚಿತ್ರವಾಗಿ ಕೊಡಿ. 200ಕ್ಕೆ 200 ಪಿಕ್ಸೆಲ್‌ನ ಬಿಟ್‌ಮ್ಯಾಪ್ ಒಂದನ್ನು ಪಿಕ್ಸೆಲ್‌ಗೆ 32 ಬಿಟ್ ಇರುವ ಫಾರ್ಮ್ಯಾಟ್‌ನಲ್ಲಿ ಮಾಡಿ. ಪ್ರತಿ ಪಿಕ್ಸೆಲ್‌ಗೂ ನಡುಬಿಂದುವಿನಿಂದ ಕೋನ ಕಂಡುಹಿಡಿಯಿರಿ. ಮ್ಯಾಥ್ ಕ್ಲಾಸಿನ ‘ಎಟ್ಯಾನ್ 2’ ಮೈನಸ್ ಪೈಯಿಂದ ಪೈವರೆಗೆ ಉತ್ತರ ಕೊಡುತ್ತದೆ. ಅದಕ್ಕೆ ಪೈ ಸೇರಿಸಿ, ಎರಡು ಪೈಯಿಂದ ಭಾಗಿಸಿದರೆ 0ಯಿಂದ 1ರ ನಡುವಿನ ಸಂಖ್ಯೆ ಸಿಗುತ್ತದೆ. ನಮ್ಮ ಬಣ್ಣಪಟ್ಟಿಯ ಸ್ಥಾನಗಳೂ 0ಯಿಂದ 1ರವರೆಗೇ ಇವೆ. ‘ಈ ಸ್ಥಾನದ ಬಣ್ಣ ಕೊಡು’ ಎಂಬ ಮೆಥಡ್ ಒಂದನ್ನು ಅದಕ್ಕೆ ಸೇರಿಸಿ. ಬ್ರಷ್‌ನಲ್ಲಿ ನಾವು ಹುಡುಕುತ್ತಿದ್ದ ಆ ಮೆಥಡ್ ಈಗ ನಮ್ಮದೇ ಕ್ಲಾಸಿನಲ್ಲಿದೆ.

‘ಸೆಟ್ ಪಿಕ್ಸೆಲ್’ ಬಳಸಬೇಡಿ. 40,000 ಪಿಕ್ಸೆಲ್‌ಗೆ 40,000 ಸಲ ಕರೆಯಬೇಕಾಗುತ್ತದೆ, ತುಂಬಾ ನಿಧಾನ. ‘ಲಾಕ್ ಬಿಟ್ಸ್’ ಮಾಡಿ, ಒಂದೇ ಬೈಟ್ ಅರೇಯಲ್ಲಿ ಲೆಕ್ಕ ಮುಗಿಸಿ, ಒಟ್ಟಿಗೆ ಕಾಪಿ ಮಾಡಿ. ಬೈಟ್‌ಗಳ ಕ್ರಮ ನೀಲಿ, ಹಸಿರು, ಕೆಂಪು, ಆಲ್ಫಾ. ಕೆಂಪು ಮತ್ತು ನೀಲಿ ಅದಲುಬದಲಾಗಿ ಕಂಡರೆ ಇದನ್ನೇ ಮೊದಲು ನೋಡಿ. ಸಿದ್ಧವಾದ ಬಿಟ್‌ಮ್ಯಾಪನ್ನು ‘ಟೆಕ್ಸ್‌ಚರ್ ಬ್ರಷ್’ಗೆ ಕೊಡಿ. ಅದರ ಮೂಲ ಕ್ಯಾನ್ವಾಸಿನ 0, 0 ಬಿಂದುವಿನಲ್ಲಿ ಇರುತ್ತದೆ. ನಿಮ್ಮ ಆಕಾರ ಬೇರೆ ಕಡೆ ಇದ್ದರೆ ‘ಟ್ರಾನ್ಸ್‌ಲೇಟ್ ಟ್ರಾನ್ಸ್‌ಫಾರ್ಮ್’ ಮೂಲಕ ಸರಿಸಿ. ಅಳತೆ ಬದಲಾದಾಗ ಮಾತ್ರ ಬಿಟ್‌ಮ್ಯಾಪನ್ನು ಮತ್ತೆ ಮಾಡಿ. ಮೊದಲು ಬ್ರಷ್ ಹಿಡಿದಿಟ್ಟುಕೊಳ್ಳುವುದು ಬೇಡ ಎಂದಿದ್ದೆ. ಇಲ್ಲಿ ಕೆಲಸ ಜಾಸ್ತಿ ಇರುವುದರಿಂದ ಹಿಡಿದಿಟ್ಟುಕೊಳ್ಳುವುದೇ ಒಳ್ಳೆಯದು.

ಬೇರೆ ಲೈಬ್ರರಿಗೆ ಹೋಗುವಾಗ

ಸಿಸ್ಟಮ್ ಡ್ರಾಯಿಂಗ್ 2021ರ ಡಾಟ್ ನೆಟ್ 6ರಿಂದ ವಿಂಡೋಸ್‌ಗೆ ಮಾತ್ರ. ಲಿನಕ್ಸ್ ಮೇಲೆ ಓಡಬೇಕಿದ್ದರೆ ಸ್ಕಿಯಾ ಶಾರ್ಪ್ ಎಂಬ ಲೈಬ್ರರಿ ನೋಡಬಹುದು. ಅಲ್ಲೂ ಗ್ರೇಡಿಯೆಂಟ್ ಸಿಗುವುದು ‘ಕ್ರಿಯೇಟ್ ಲೀನಿಯರ್ ಗ್ರೇಡಿಯೆಂಟ್’ ಎಂಬ ಸ್ಟ್ಯಾಟಿಕ್ ಮೆಥಡ್ ಕರೆದರೆ. ಬಣ್ಣಪಟ್ಟಿಯ ಎರಡು ಅರೇಗಳೂ ಹಾಗೆಯೇ ಉಪಯೋಗಕ್ಕೆ ಬರುತ್ತವೆ, ಬದಲಾಗುವುದು ‘ತಯಾರಿಸು’ ಮಾತ್ರ.

ಮೈಕ್ರೋಸಾಫ್ಟ್‌ನ ಇನ್ನೊಂದು ವಿಂಡೋ ಲೈಬ್ರರಿ ಡಬ್ಲ್ಯೂಪಿಎಫ್‌ಗೆ ಹೋದರೆ ಅಲ್ಲಿಯ ಲೀನಿಯರ್ ಗ್ರೇಡಿಯೆಂಟ್ ಬ್ರಷ್ ಕೂಡ ಸೀಲ್ ಆಗಿದೆ. ಅದರ ತಾಯಿ ‘ಗ್ರೇಡಿಯೆಂಟ್ ಬ್ರಷ್’ ಸೀಲ್ ಆಗಿಲ್ಲ, ಆದರೆ ಹೊರಗಿನವರು ಬರೆದುಕೊಡಲಾಗದ ಇಂಟರ್ನಲ್ ಅಬ್‌ಸ್ಟ್ರಾಕ್ಟ್ ಮೆಥಡ್‌ಗಳು ಅದರಲ್ಲಿ ಇರುವುದರಿಂದ ಆ ಬಾಗಿಲೂ ಮುಚ್ಚಿದೆ. ‘ತಯಾರಿಸು’ ಒಳಗೆ ಪ್ರತಿ ಬಣ್ಣಕ್ಕೂ ಒಂದು ‘ಗ್ರೇಡಿಯೆಂಟ್ ಸ್ಟಾಪ್’ ಮಾಡಿ ಸೇರಿಸಿ, ಕೊನೆಗೆ ಬ್ರಷ್ ಮತ್ತೆ ಬದಲಾಗದಂತೆ ‘ಫ್ರೀಜ್’ ಕರೆಯಿರಿ. ಒಂದು ಎಚ್ಚರ ಇರಲಿ. ಹಂತ 3ರಲ್ಲಿ ಹೇಳಿದ ತಪ್ಪು ಇಲ್ಲಿ ನೀವು ಏನೂ ಮಾಡದಿದ್ದರೂ ತಾನಾಗಿಯೇ ಬರುತ್ತದೆ. ಡಬ್ಲ್ಯೂಪಿಎಫ್‌ನಲ್ಲಿ ಗ್ರೇಡಿಯೆಂಟಿನ ಅಳತೆ ಮೊದಲಿನಿಂದಲೇ ತುಂಬುವ ಆಕಾರಕ್ಕೆ ಹೊಂದಿಕೊಳ್ಳುವಂತೆ ಇರುತ್ತದೆ. 30 ಶೇಕಡ ನೀರಿನ ಮೇಲ್ತುದಿ ಮತ್ತೆ ಹಸಿರಾಗುತ್ತದೆ. ‘ಮ್ಯಾಪಿಂಗ್ ಮೋಡ್’ ಪ್ರಾಪರ್ಟಿಯನ್ನು ‘ಆಬ್ಸೊಲ್ಯೂಟ್’ ಮಾಡಿ, ಶುರು ಮತ್ತು ಕೊನೆಯ ಬಿಂದುಗಳನ್ನು ಇಡೀ ಗೇಜಿನ ಎತ್ತರಕ್ಕೆ ಕೊಡಿ. ಆಮೇಲೆ ಮಟ್ಟವನ್ನು 10, 30, 60, 100 ಎಂದು ಕೈಯಾರೆ ಬದಲಿಸಿ, ಪ್ರತಿ ಸಲವೂ ಮೇಲ್ತುದಿಯ ಬಣ್ಣ ಬದಲಾಗುತ್ತಿದೆಯೇ ಎಂದು ಕಣ್ಣಾರೆ ನೋಡಿ. 10ಕ್ಕೆ ಕೆಂಪು, 30ಕ್ಕೆ ಕಿತ್ತಳೆ ಕಂಡರೆ ವಾಚ್‌ಮನ್ ಕೋಣೆಯ ಕಂಪ್ಯೂಟರಿಗೆ ಹಾಕಿ.